ಅಕ್ಕನ ಕ್ಲಿನಿಕ್ಕಿಗೊಂದು ವೇಷ

ನನ್ನ ಅಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್‌ನಲ್ಲಿ ಮೆಡಿಕಲ್ ಅಸಿಸ್ಟೆಂಟ್. ಮಕ್ಕಳ ತೂಕ, ಎತ್ತರ, ಜ್ವರ ನೋಡೋದು, ಡಾಕ್ಟರ್ ಒಳಗೆ ಬರುವ ಮೊದಲು ಅಪ್ಪ-ಅಮ್ಮಂದಿರ ಹತ್ತಿರ ಮಾತಾಡೋದು ಅವಳ ಕೆಲಸ. ನಾನು ಸಾಗರದಲ್ಲಿ ಕೂತು ಕೋಡ್ ಬರೆಯುವವನು. 2024ರ ಅಕ್ಟೋಬರ್‌ನಲ್ಲಿ ಮನೆಯ ವಾಟ್ಸಾಪ್ ಗ್ರೂಪಿಗೆ ಅವಳ ಮೆಸೇಜ್ ಬಂತು: "ಹ್ಯಾಲೋವೀನ್‌ಗೆ ಕ್ಲಿನಿಕ್‌ನಲ್ಲಿ ಎಲ್ರೂ ವೇಷ ಹಾಕ್ಬೇಕಂತೆ. ನಾನು ಎಂತ ಹಾಕ್ಲಿ?"

ಅಮ್ಮನ ಉತ್ತರ ತಕ್ಷಣ ಬಂತು: "ಸೀರೆ ಉಟ್ಕೊಂಡು ಹೋಗು, ಸಾಕು."

ಅಕ್ಕ ಬರೆದಳು: "ಸೀರೆ ವೇಷ ಅಲ್ಲಮ್ಮ. ಅದು ನನ್ನ ಬಟ್ಟೆ."

ಆ ಮಾತು ನನಗೆ ಬಹಳ ಹಿಡಿಸಿತು. ಬಟ್ಟೆ ಯಾವುದು, ವೇಷ ಯಾವುದು ಅನ್ನೋದು ಅವಳಿಗೆ ಸ್ಪಷ್ಟ ಇತ್ತು. ಸಮಸ್ಯೆ ಇದ್ದದ್ದು ಬೇರೆ ಕಡೆ. ಅದು ಜ್ವರ ಬಂದ ಮಕ್ಕಳು ಬರುವ ಜಾಗ. ಅಲ್ಲಿಗೆ ಯಾವ ವೇಷ ಸರಿ?

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಹಬ್ಬ. ಇದರ ಬೇರು ಐರ್ಲೆಂಡಿನ ಕಡೆಯ ಹಳೆಯ ಆಚರಣೆಗಳಲ್ಲಿದೆ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು, ಅಮೆರಿಕಕ್ಕೆ ಬಂದ ಮೇಲೆ ಅದರ ಜಾಗಕ್ಕೆ ಕುಂಬಳಕಾಯಿ ಬಂತು. ನಮಗೂ ಇದು ತೀರಾ ಹೊಸದಲ್ಲ ಬಿಡಿ. ಅಮ್ಮನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯೆಲ್ಲ ಹಾಡುತ್ತಾ ಮನೆಮನೆಗೆ ಬರುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ-ದುಡ್ಡು ಕೊಟ್ಟು ಕಳಿಸುತ್ತಾರೆ. 2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ರ ಗುರುವಾರವೇ ಬಂದಿತ್ತು. ಇಲ್ಲಿ ನಾವು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವ ದಿನವೇ ಅಲ್ಲಿ ಅಕ್ಕ ವೇಷ ಕಟ್ಟಬೇಕಿತ್ತು.

ನಾನು ಎಂಜಿನಿಯರ್ ಅಲ್ವಾ, ಮೊದಲು ಕೇಳಿದ್ದು "ರೂಲ್ಸ್ ಎಂತ ಇದೆ?" ಅಂತ. ಅಕ್ಕ ಪಟ್ಟಿ ಕಳಿಸಿದಳು. ಮುಖ ಮುಚ್ಚುವಂಥದ್ದು ಬೇಡ. ರಕ್ತ, ಗಾಯ, ಅಸ್ಥಿಪಂಜರ ಬೇಡ. ಚಾಕು-ಕತ್ತಿ ಆಟಿಕೆಯದ್ದಾದರೂ ಬೇಡ. ಐಡಿ ಕಾರ್ಡ್ ಕಾಣಬೇಕು. ಮೊಣಕೈ ಕೆಳಗೆ ತೋಳು, ಬಳೆ ಏನೂ ಇರಬಾರದು.

ಓದಿದಾಗ ಅತಿಯಾಯ್ತು ಅನ್ನಿಸಿತು. ಅಕ್ಕ ಒಂದೊಂದಕ್ಕೂ ಕಾರಣ ಹೇಳಿದಳು. ಉದ್ದ ತೋಳು ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಸೋಂಕು ಒಯ್ಯುತ್ತದೆ, ಕೈ ತೊಳೆಯಲೂ ಅಡ್ಡಿ. ಅಂಟಿಸಿದ ಉಗುರಿನ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ, ಗ್ಲೌಸೂ ಹರಿಯುತ್ತದೆ. ಹೊಳೆಯುವ ಗ್ಲಿಟರ್ ಪುಡಿ ಎಲ್ಲಿ ಬೇಕಾದರೂ ಉದುರುತ್ತದೆ, ಗಾಯದ ಮೇಲೂ. ಕೆಲವು ಮುಖವಾಡ ಲೇಟೆಕ್ಸ್‌ನವು, ಅದು ಕೆಲವರಿಗೆ ಅಲರ್ಜಿ. ಕತ್ತಿಗೆ ಜೋತುಬೀಳುವ ಸರವನ್ನು ಮಗು ಹಿಡಿದೆಳೆಯುತ್ತದೆ. ಸೆಂಟ್ ಹಾಕಿದರೆ ಅಸ್ತಮಾ ಇರುವ ಮಗುವಿಗೆ ಕಷ್ಟ.

ಮುಖದ ವಿಷಯ ಮಾತ್ರ ಅವಳು ವಿವರಿಸಬೇಕಾಗಿರಲಿಲ್ಲ. ಯಕ್ಷಗಾನ ನೋಡಿಕೊಂಡು ಬೆಳೆದವರಿಗೆ ಗೊತ್ತು. ಬಣ್ಣದ ವೇಷ ಅಬ್ಬರಿಸಿಕೊಂಡು ರಂಗಕ್ಕೆ ಬಂದರೆ ಅಲ್ಲಿವರೆಗೆ ಮಲಗಿದ್ದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗಿನೊಳಗೆ ಹೊಕ್ಕುತ್ತಾರೆ. ಆಟದಲ್ಲಿ ಅದೇ ಮಜಾ. ಅಲ್ಲಿ ಹೆದರಿದ ಮಗುವಿಗೆ ಓಡಿಹೋಗಲು ಅಮ್ಮನ ಮಡಿಲಿದೆ. ಕ್ಲಿನಿಕ್‌ನಲ್ಲಿ ಅದೇ ಅಮ್ಮ ಇಂಜೆಕ್ಷನ್‌ಗೆಂದು ಮಗುವನ್ನು ಗಟ್ಟಿಯಾಗಿ ಹಿಡಿದು ಕೂತಿರುತ್ತಾಳೆ. ಓಡೋದೆಲ್ಲಿಗೆ?

ಇಷ್ಟೆಲ್ಲ ಚರ್ಚೆ ನಡೆಯುವಾಗ ಅಪ್ಪ ಗ್ರೂಪಿನಲ್ಲಿ ಸುಮ್ಮನಿದ್ದರು. ಆಮೇಲೆ ಒಂದು ವಾಯ್ಸ್ ಮೆಸೇಜ್ ಹಾಕಿದರು: "ಎಂತ ಬೇಕಾದ್ರೂ ಹಾಕ್ಕ. ಬೇಗ ತೆಗೆಯಕ್ಕೆ ಬರ್ಬೇಕು ನೋಡು."

ನನಗೂ ಅಕ್ಕನಿಗೂ ಅದು ಎಲ್ಲಿಂದ ಬಂದ ಮಾತು ಅಂತ ಗೊತ್ತಾಯಿತು.

ಕೆಲವು ವರ್ಷದ ಹಿಂದೆ ಅಪ್ಪನ ಕತ್ತಿನಲ್ಲೊಂದು ಗಂಟು ಕಾಣಿಸಿತ್ತು. ಬಯಾಪ್ಸಿ ರಿಪೋರ್ಟ್ ತರಲು ಹೊಸನಗರದಿಂದ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಅಪ್ಪನ ಜೊತೆ ನಾನು ಹೋಗಿದ್ದೆ. ಅವತ್ತು ಅಲ್ಲಿ ಆಯುಧಪೂಜೆ. ಎಕ್ಸ್‌ರೇ ರೂಮಿನ ಬಾಗಿಲಿಗೆ ಚೆಂಡುಹೂವಿನ ಮಾಲೆ, ವೀಲ್‌ಚೇರ್‌ಗಳಿಗೆಲ್ಲ ಕುಂಕುಮ, ನರ್ಸ್‌ಗಳೆಲ್ಲ ರೇಷ್ಮೆ ಸೀರೆಯಲ್ಲಿ. ಒಬ್ಬ ಸಿಸ್ಟರ್ ಕಡಲೆಪುರಿ ಹಂಚುತ್ತಾ ನಮಗೂ ಕೊಟ್ಟು ನಕ್ಕು ಹೋದರು. ಸ್ವಲ್ಪ ಹೊತ್ತಿಗೆ ಅದೇ ಸಿಸ್ಟರ್ ನಮ್ಮನ್ನು ಕರೆಯಲು ಬಂದರು. ಈ ಸಲ ಸೀರೆ ಮೇಲೆ ಬಿಳಿ ಕೋಟ್ ಹಾಕಿ ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡಿದ್ದರು. ಮುಡಿಯಲ್ಲಿ ಹೂವಿರಲಿಲ್ಲ. ಅಪ್ಪನ ಪಕ್ಕ ಕೂತು, "ಡಾಕ್ಟ್ರು ಮಾತಾಡ್ಬೇಕಂತೆ, ಬನ್ನಿ" ಅಂದರು.

ಆಪರೇಷನ್ ಆಗಿ ಅಪ್ಪ ಈಗ ಆರಾಮಾಗಿದ್ದಾರೆ. ಆರು ತಿಂಗಳಿಗೊಮ್ಮೆ ಚೆಕಪ್. ಆದರೆ ಅವತ್ತು ವಾಪಸ್ ಬರುವಾಗ ಕಾರಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ಆ ಹುಡುಗಿ ಹೂ ತೆಗೆದಿಟ್ಟು ಬಂದಾಗ್ಲೇ ನಂಗೆ ಗೊತ್ತಾಯ್ತು. ನಮ್ಮ ಸಲುವಾಗಿ ತೆಗೆದಿಟ್ಟು ಬಂದ್ಲು ಪಾಪ." ಅದರಲ್ಲಿ ದೂರು ಇರಲಿಲ್ಲ. ತನ್ನ ಹಬ್ಬವನ್ನು ಹತ್ತು ನಿಮಿಷ ಪಕ್ಕಕ್ಕಿಟ್ಟು ಬಂದವಳ ಮೇಲೆ ಅವರಿಗೆ ಗೌರವ ಇತ್ತು.

ಅಲ್ಲಿಂದ ಅಕ್ಕನ ಆಯ್ಕೆ ಸುಲಭವಾಯಿತು. ವೇಷ ಇರಬೇಕು, ಯಾಕಂದ್ರೆ ಅಳುತ್ತಾ ಬಂದ ಮಗು ನಕ್ಕರೆ ಅರ್ಧ ಕೆಲಸ ಆದಂತೆ. ಆದರೆ ಒಂದೇ ಕೈಯಲ್ಲಿ ಬಿಚ್ಚಿಡುವ ಹಾಗಿರಬೇಕು, ಬಿಚ್ಚಿದರೆ ಒಳಗೆ ದಿನನಿತ್ಯದ ಸ್ಕ್ರಬ್ಸ್ ಇರಬೇಕು. ಮುಖಕ್ಕೆ ಬಣ್ಣ ಬಳಿದರೆ ಅದಾಗೋದಿಲ್ಲ. ಕೆಟ್ಟ ಸುದ್ದಿಯ ಮುಂದೆ ಬೆಕ್ಕಿನ ಮೀಸೆ ಬರೆದುಕೊಂಡು ನಿಂತವರು ಅದನ್ನು ಅಳಿಸೋದು ಯಾವಾಗ?

ಐಡಿಯಾ ಕೊನೆಗೆ ಅಮ್ಮನದ್ದೇ. "ಗೋಪೂಜೆ ದನ ಆಗು!" ನಮ್ಮ ಕಡೆ ಬಲಿಪಾಡ್ಯಮಿಗೆ ದನಗಳ ಮೈ ತೊಳೆದು, ಶೇಡಿಯಲ್ಲಿ ಲೋಟದ ಬಾಯಿ ಅದ್ದಿ ಮೈತುಂಬ ಬಿಳಿ ಉಂಗುರ ಒತ್ತುತ್ತೇವೆ. ಚಿಕ್ಕವರಿದ್ದಾಗ ನಮ್ಮ ಮಲೆನಾಡು ಗಿಡ್ಡ ದನಕ್ಕೆ ಉಂಗುರ ಒತ್ತಲು ನನಗೂ ಅಕ್ಕನಿಗೂ ಜಗಳ. ಅಕ್ಕ ಕಂದು ಬಣ್ಣದ ತೋಳಿಲ್ಲದ ವೆಸ್ಟ್ ಒಂದನ್ನು ತಂದು, ಬಿಳಿ ಬಟ್ಟೆಯ ಉಂಗುರ ಕತ್ತರಿಸಿ ಹೊಲಿದಳು. ಅಂಟಿಸಿದರೆ ಕಿತ್ತು ಮಕ್ಕಳ ಬಾಯಿಗೆ ಹೋದೀತು ಅಂತ ಹೊಲಿಗೆ. ಹೂವಿನ ಹಾರವೂ ಜೋತುಬೀಳದ ಹಾಗೆ ವೆಸ್ಟಿನ ಮೇಲೇ ಹೊಲಿಗೆ. ತಲೆಗೆ ಎರಡು ಕಿವಿಯ ಹೇರ್‌ಬ್ಯಾಂಡ್. ಗಂಟೆ ಇಲ್ಲ.

ಮಕ್ಕಳಿಗೆ ದನ ಅಂತ ಗೊತ್ತಾಗಲಿಲ್ಲವಂತೆ. ಒಬ್ಬ ಜಿರಾಫೆ ಅಂದ, ಇನ್ನೊಬ್ಬಳು ಡೋನಟ್ ಅಂದಳು. ಫ್ಲೂ ಲಸಿಕೆಯ ಸೀಸನ್ನು, ಅಳುವವರೇ ಜಾಸ್ತಿ. ಡೋನಟ್ ಎಷ್ಟಿದೆ ಎಣಿಸು ಅಂತ ಅಕ್ಕ ಹೇಳೋದು, ಏಳಕ್ಕೋ ಎಂಟಕ್ಕೋ ಬರುವಾಗ ಸೂಜಿ ಚುಚ್ಚಿ ಆಗಿರೋದು.

ಈಗ ನಮ್ಮೂರ ಕ್ಲಿನಿಕ್, ಲ್ಯಾಬ್‌ಗಳಲ್ಲೂ ರಾಜ್ಯೋತ್ಸವ, ದಸರಾ, ಎಥ್ನಿಕ್ ಡೇ ಅಂತ ಡ್ರೆಸ್ ಕೋಡ್ ಇರುತ್ತದೆ. ನಿಮ್ಮಲ್ಲಿ ಯಾರಾದರೂ ಅಂಥ ಕಡೆ ಕೆಲಸ ಮಾಡುತ್ತಿದ್ದರೆ ಹಳದಿ-ಕೆಂಪು ಶಾಲು ಧಾರಾಳವಾಗಿ ಹಾಕಿ. ಸಿರಿಂಜ್ ಹಿಡಿಯುವಾಗ ಅದು ಕೈಗೆ ತಾಗದಿರಲಿ, ಐಡಿ ಕಾರ್ಡ್ ಮುಚ್ಚದಿರಲಿ. ತೆಗೆದಿಡಲು ಪಕ್ಕದಲ್ಲೊಂದು ಮೊಳೆ ಇರಲಿ.

ಅಕ್ಕ ಅವತ್ತು ವೆಸ್ಟನ್ನು ಎರಡು ಸಲ ತೆಗೆದು ಬಾಗಿಲ ಹಿಂದೆ ನೇತುಹಾಕಿದಳಂತೆ. ಯಾರ ಎದುರಿಗೆ, ಯಾಕೆ ಅಂತ ಅವಳು ಹೇಳಲಿಲ್ಲ. ನಾವೂ ಕೇಳಲಿಲ್ಲ. ಅಪ್ಪ ಮಾತ್ರ "ಒಳ್ಳೇದಾಯ್ತು" ಅಂದರು.