ಇಪ್ಪತ್ತೇಳು ಗೋಳ

ಹತ್ತನೇ ತರಗತಿಯ ಲೆಕ್ಕ. 3 ಸೆಂ.ಮೀ. ತ್ರಿಜ್ಯದ ಲೋಹದ ಗೋಳವನ್ನು ಕರಗಿಸಿದರೆ 1 ಸೆಂ.ಮೀ. ತ್ರಿಜ್ಯದ ಗೋಳಗಳು ಎಷ್ಟಾಗುತ್ತವೆ? ಘನಫಲ ಬದಲಾಗದು, ಆದ್ದರಿಂದ 27.

ಅಬ್ಬಾ ಅಲ್ಯೂಮಿನಿಯಂ ಎರಕದ ಕೆಲಸಗಾರರು. ಲೆಕ್ಕವನ್ನು ಉರ್ದುವಿನಲ್ಲಿ ಹೇಳಿದೆ. “ಸತ್ತಾವೀಸ್ ನೈ ಬನ್ತೇ ಬೇಟಾ” ಎಂದರು. ಕರಗಿದಾಗ ಮೇಲೆ ಕಿಟ್ಟ ಕಟ್ಟುತ್ತದೆ, ಅದನ್ನು ತೆಗೆದುಹಾಕಬೇಕು. ಆರುವಾಗ ಲೋಹ ಕುಗ್ಗುತ್ತದೆ, ಅದಕ್ಕೇ ಅಚ್ಚನ್ನು ಕೊಂಚ ದೊಡ್ಡದಾಗಿಯೇ ಮಾಡುತ್ತಾರಂತೆ.

“ಪುಸ್ತಕದಲ್ಲಿ ಹಾಗಿಲ್ಲ” ಎಂದೆ, ಸ್ವಲ್ಪ ಜೋರಾಗಿಯೇ. ಅಬ್ಬಾ ಸುಮ್ಮನೆ ಎದ್ದು ಕೈ ತೊಳೆಯಲು ಹೋದರು.

ಟೆಸ್ಟಿನಲ್ಲಿ ಅದೇ ಲೆಕ್ಕ ಬಂತು. 27 ಬರೆದೆ, ಪೂರ್ತಿ ಅಂಕ. ಮನೆಯಲ್ಲಿ ಹೇಳಲಿಲ್ಲ.

ನಾನೀಗ ಕಾಮರ್ಸ್, ತಮ್ಮ ಹತ್ತನೇ ತರಗತಿ. ಮೊನ್ನೆ ಅದೇ ಲೆಕ್ಕ ಹಿಡಿದು ಬಂದ. “27 ಅಂತ ಬರಿ. ಆಮೇಲೆ ಹೋಗಿ ಅಬ್ಬಾನ ಕೇಳು” ಎಂದೆ.