ಯಾರದೋ ಕಂಬ, ಯಾರದೋ ತೋಟ

ಹಿಂದಿನ ರಾತ್ರಿಯಷ್ಟೇ ಅಪ್ಪ ಫೋನ್ ಮಾಡಿ, "ಊರಿನ ಮನೆಗೆ ಪಾರ್ಟಿ ಸಿಕ್ಕಿದೆ, ಏನಂತೀಯ?" ಅಂದಿದ್ರು. ನಾನು ಏನೂ ಹೇಳಿರಲಿಲ್ಲ.

ಜಪಾನಿನ ಕನಜಾವಾದಲ್ಲಿ ನೊಮುರಾ ಅನ್ನೋ ಸಮುರಾಯ್ ಮನೆತನದ ಮನೆ ನೋಡಲು ಹೋಗಿದ್ದೆ. ಶೂ ಬಿಚ್ಚಿ, ತತಾಮಿ ಚಾಪೆ ದಾಟಿ ಹಿಂದಿನ ಜಗುಲಿಯಲ್ಲಿ ಕೂತೆ. ತೋಟ ನಮ್ಮೂರ ಹಿತ್ತಿಲಿಗಿಂತ ಚಿಕ್ಕದು. ಆದರೆ ನೀರು ಜಗುಲಿಯ ಬುಡಕ್ಕೇ ಬಂದು ನಿಲ್ಲುತ್ತೆ. ಕಲ್ಲಿನ ದೀಪಗಳು, ಪುಟ್ಟ ಕಲ್ಲುಸೇತುವೆ, ಕೆಳಗೆ ದಪ್ಪ ದಪ್ಪ ಕೊಯಿ ಮೀನು. ಅರ್ಧ ಗಂಟೆ ಮೊಬೈಲ್ ಮುಟ್ಟಲಿಲ್ಲ, ನನ್ನ ಮಟ್ಟಿಗೆ ಅದು ದಾಖಲೆ!

ಈ ಮನೆತನ 1583ರಲ್ಲಿ ಮಾಯೆದಾ ದೊರೆಯ ಜೊತೆ ಊರಿಗೆ ಬಂದದ್ದು. ಹನ್ನೊಂದು ತಲೆಮಾರು ಇಲ್ಲೇ ಬಾಳಿತು. ಮೇಜಿ ಕಾಲದಲ್ಲಿ ಸಮುರಾಯ್‌ಗಳಿಗೆ ಬರುತ್ತಿದ್ದ ಆದಾಯ ನಿಂತಿತು, ಮನೆಯೂ ಕೈತಪ್ಪಿತು. ಉಳಿದದ್ದು ಮಣ್ಣಿನ ಗೋಡೆ, ಹಳೇ ಮರ, ತೋಟದ ಒಂದಿಷ್ಟು ಭಾಗ. ನಾನು ಕೂತಿದ್ದ ಕೋಣೆಗಳು ಅವರದ್ದೇ ಅಲ್ಲ! ಹಾಶಿದಾತೆ ಅನ್ನೋ ಊರಿನ ಹಡಗು ವ್ಯಾಪಾರಿಯ ಮನೆಯಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಂತೆ.

ಹೊರಗೆ ಬಂದವನೇ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ತೊಟ್ಟಿಯ ನಾಲ್ಕು ಕಂಬ ಕೊಡೋದು ಬೇಡ."

"ತಂದು ಎಲ್ಲಿ ನಿಲ್ಲಿಸ್ತೀಯೋ? ನಿನ್ನ ಟೂ ಬಿಎಚ್‌ಕೆಯಲ್ಲಾ?"

ನಗ್ತಾ ಕೇಳಿದ್ರು. ಆಮೇಲೆ ಇಬ್ಬರೂ ಸುಮ್ಮನಾದೆವು.