ಖಾನಾಪುರದ ದಾರಿಯೂ ಹಳೆಯ ಜೀಪೂ

ಬೆಳಗಾವಿ ನಗರದಿಂದ ಖಾನಾಪುರಕ್ಕೆ ಸುಮಾರು ೨೬ ಕಿಲೋಮೀಟರು ದಾರಿ. ಇದೇನೂ ದೂರವಲ್ಲ, ಆದರೆ ಇಷ್ಟರೊಳಗೆ ನಾಡಿನ ಮುಖವೇ ಬದಲಾಗಿ ಬಿಡುವುದು. ದಕ್ಷಿಣಾಭಿಮುಖವಾಗಿ ಹೊರಟವನಿಗೆ ಮೊದಲು ಉದ್ಯಮಬಾಗದ ಫೌಂಡ್ರಿಗಳೂ ಲೇಥುಗಳ ಸದ್ದೂ ಎದುರಾಗುತ್ತವೆ. ಪೀರನವಾಡಿ, ಮಚ್ಛೆಗಳನ್ನು ದಾಟಿ ಮುಂದೆ ಸಾಗಿದಂತೆ ಗಾಳಿಗೆ ಮಲೆನಾಡಿನ ತಂಪು ಬರುವುದು, ನೆಲಕ್ಕೆ ಕೆಂಪು ಏರುವುದು. ಮಲಪ್ರಭೆಯ ದಡದ ಖಾನಾಪುರವು ತನ್ನ ಜೇಡಿಮಣ್ಣಿನಿಂದಲೂ ಹೆಂಚುಗಳಿಂದಲೂ ಹೆಸರುವಾಸಿಯಾದ ಊರು. ಯಾವ ಮಣ್ಣು ಕುಂಬಾರನ ಕೈಯಲ್ಲಿ ಅಷ್ಟು ವಿಧೇಯವಾಗಿರುವುದೋ ಅದೇ ಮಣ್ಣು ಆಷಾಢಮಾಸದಲ್ಲಿ ಗಾಡಿಯ ಚಕ್ರವನ್ನು ಹಿಡಿದರೆ ಬಿಡುವುದಿಲ್ಲ. ಈ ದಾರಿಯ ಮಾತು ಬಂದಾಗ ಹಳೆಯ ಜೀಪಿನ ನೆನಪು ಬರುವುದು ಸಹಜವೇ ಸರಿ.

ಕೆಸರಿನಲ್ಲಿ ಹೂತ ಚಕ್ಕಡಿಯನ್ನು ಮೇಲೆತ್ತುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಮುಂದೆ ಎತ್ತುಗಳು ಎಳೆಯುತ್ತಿರಲು ಹಿಂದಿನಿಂದ ಇಬ್ಬರು ಚಕ್ರಕ್ಕೆ ಹೆಗಲು ಕೊಡುತ್ತಾರೆ. ಜೀಪಿನ ರಹಸ್ಯವೂ ಇಷ್ಟೇ. ಆ ಕಾಲದ ಸಾಮಾನ್ಯ ಮೋಟಾರಿನಲ್ಲಿ ಹಿಂದಿನ ಚಕ್ರಗಳು ಮಾತ್ರ ದೂಡುತ್ತಿದ್ದರೆ, ಇದರಲ್ಲಿ ಬೇಕಾದಾಗ ಮುಂದಿನ ಚಕ್ರಗಳೂ ಎಳೆಯುತ್ತವೆ. ಗೇರಿನ ಹಿಡಿಯ ಪಕ್ಕದಲ್ಲಿ ಇನ್ನೆರಡು ಚಿಕ್ಕ ಹಿಡಿಗಳಿರುತ್ತವೆ: ಒಂದು ಮುಂದಿನ ಚಕ್ರಗಳನ್ನು ಜೋಡಿಸುವುದು, ಇನ್ನೊಂದು ವೇಗವನ್ನು ಇಳಿಸಿ, ಅದಕ್ಕೆ ಪ್ರತಿಯಾಗಿ ಬಲವನ್ನು ಹೆಚ್ಚಿಸುವುದು.

ಈ ಗಾಡಿ ಹುಟ್ಟಿದುದು ಯುದ್ಧಕ್ಕಾಗಿ. ೧೯೪೦ರಲ್ಲಿ ಅಮೇರಿಕದ ಸೈನ್ಯವು ಹಗುರವಾದ ಗಾಡಿಯೊಂದನ್ನು ಬೇಡಿದಾಗ ಬ್ಯಾಂಟಮ್ ಎಂಬ ಚಿಕ್ಕ ಕಂಪನಿಯು ಮೊದಲ ಮಾದರಿಯನ್ನು ಮಾಡಿ ಕೊಟ್ಟಿತು. ಆದರೆ ಕೆಲಸದ ದೊಡ್ಡ ಪಾಲು ವಿಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ ಹೋಯಿತು. ಯುದ್ಧವು ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳು ತಯಾರಾಗಿದ್ದವು. ಫೋರ್ಡ್ ಕಂಪನಿಯವರು ತಮ್ಮ ಬೋಲ್ಟುಗಳ ತಲೆಯ ಮೇಲೆ ಕೂಡ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಒತ್ತಿದ್ದರು. ಇಂದು ಹಳೆಯ ಜೀಪನ್ನು ಬಿಚ್ಚಿದವನಿಗೆ ವಿಲೀಸ್ ಗಾಡಿಯಲ್ಲಿ ಫೋರ್ಡ್ ಬೋಲ್ಟು ಸಿಕ್ಕಿದರೆ, ಎಂದೋ ಯಾರೋ ಎರಡು ಗಾಡಿಗಳನ್ನು ಕೂಡಿಸಿ ಒಂದನ್ನು ಬದುಕಿಸಿದ್ದಾರೆಂದು ತಿಳಿಯತಕ್ಕದ್ದು.

ನಮ್ಮ ದೇಶದಲ್ಲಿ ಇದರ ಬೇರು ಊರಿದುದು ಮುಂಬಯಿಯಲ್ಲಿ. ೧೯೪೫ರಲ್ಲಿ ಜಗದೀಶಚಂದ್ರ ಮಹೀಂದ್ರ, ಕೈಲಾಸಚಂದ್ರ ಮಹೀಂದ್ರ ಎಂಬ ಸೋದರರೂ ಮಲಿಕ್ ಗುಲಾಮ್ ಮಹಮ್ಮದರೂ ಕೂಡಿ ಕಂಪನಿಯನ್ನು ಕಟ್ಟಿದರು. ದೇಶವಿಭಜನೆಯಾದ ಮೇಲೆ ಗುಲಾಮ್ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸಿನ ಮಂತ್ರಿಗಳಾದರು. ಇತ್ತ ಕಂಪನಿಯ ಹೆಸರು ೧೯೪೮ರಲ್ಲಿ ‘ಮಹೀಂದ್ರ ಅಂಡ್ ಮಹೀಂದ್ರ’ ಎಂದಾಯಿತು. ಬಿಡಿಭಾಗಗಳನ್ನು ತರಿಸಿ ಜೋಡಿಸುವುದರಿಂದ ಆರಂಭವಾದ ಕೆಲಸವು ಮುಂದೆ ಇಲ್ಲಿಯೇ ಜೀಪನ್ನು ಮಾಡುವವರೆಗೆ ಬೆಳೆಯಿತು. ಅಮೇರಿಕದಲ್ಲಿ ೧೯೫೩ರಲ್ಲಿ ಹೊರಟ ಸಿ.ಜೆ.–೩ಬಿ ಎಂಬ ಮಾದರಿಯ ಇಂಜಿನು ಮೊದಲಿನದಕ್ಕಿಂತ ಎತ್ತರವಾಗಿದ್ದುದರಿಂದ ಅದರ ಮೇಲ್ಮುಚ್ಚಳವನ್ನೂ ಎತ್ತರಿಸಬೇಕಾಯಿತು. ಗ್ಯಾರೇಜುಗಳಲ್ಲಿ ಹಳೆಯದನ್ನು ‘ಲೋ ಬಾನೆಟ್’ ಎಂದೂ ಇದನ್ನು ‘ಹೈ ಬಾನೆಟ್’ ಎಂದೂ ಕರೆಯುವುದು ಇದರಿಂದಲೇ. ಆ ಮಾದರಿಯ ವಂಶವು ನಮ್ಮಲ್ಲಿ ದಶಕಗಳ ಕಾಲ ಮುಂದುವರಿದುದು ಕೊಳ್ಳುವವರ ಪುಣ್ಯವೆನ್ನಬೇಕು. ಬೇರೆ ಹಳೆಯ ಮೋಟಾರುಗಳಿಗೆ ಪರದೇಶದಿಂದ ಭಾಗಗಳನ್ನು ತರಿಸಬೇಕಾಗುವುದು. ಇದರವು ಎಷ್ಟೋ ಇಲ್ಲಿಯ ಪೇಟೆಯಲ್ಲಿಯೇ ದೊರೆಯುತ್ತವೆ.

ಬೆಳಗಾವಿಯು ದಂಡಿನ ಊರು. ಮರಾಠಾ ಲಘು ಪದಾತಿದಳದ ಕೇಂದ್ರವು ಇಲ್ಲಿರುವುದು. ೧೯೬೧ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಗೆ ಹೊರಟ ಸೈನ್ಯವು ನೆರೆದುದೂ ಇಲ್ಲಿಯೇ. ಸೈನ್ಯವು ತನಗೆ ಬೇಡವಾದ ಗಾಡಿಗಳನ್ನು ಹರಾಜಿಗಿಡುವ ವಾಡಿಕೆ ಹಳೆಯದು. ಜೀಪಲ್ಲದೆ, ೧೯೬೯ರಿಂದ ಜಬಲ್ಪುರದ ಸರಕಾರಿ ಕಾರಖಾನೆಯಲ್ಲಿ ತಯಾರಾಗುತ್ತಿದ್ದ ‘ಜೋಂಗಾ’ ಎಂಬ ಭಾರಿ ಗಾಡಿಯೂ ಹೀಗೆ ಜನರ ಕೈಗೆ ಬಂದಿತು. ಅದರ ಆರು ಸಿಲಿಂಡರುಗಳ ಪೆಟ್ರೋಲು ಇಂಜಿನಿಗೆ ಹೊಟ್ಟೆ ದೊಡ್ಡದು. ಸಂಸಾರಸ್ಥನು ದೂರದಿಂದ ನೋಡಿ ಸಂತೋಷಪಡುವುದೇ ಲೇಸು.

ಇನ್ನು ಕೊಳ್ಳುವ ವಿಚಾರ. ಮಾರುವವನು ತೋರಿಸುವುದು ಬಣ್ಣವನ್ನು. ಕೊಳ್ಳುವವನು ನೋಡತಕ್ಕುದು ಬುಡವನ್ನು. “ಮೊದಲ ಚಾಸಿ ನೋಡ್ರಿ ಸಾಹೇಬರ, ಬಣ್ಣ ಆಮ್ಯಾಲ ನೋಡೂಣು” ಎಂದು ಇಲ್ಲಿಯ ಮೇಸ್ತ್ರಿಗಳು ಹೇಳುವುದರಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಚಾಸಿಯ ಮೇಲೆ ಕೊರೆದ ಸಂಖ್ಯೆಯು ನೋಂದಣಿ ಪುಸ್ತಕದ ಸಂಖ್ಯೆಯೊಡನೆ ಅಕ್ಷರಶಃ ಕೂಡಬೇಕು. ಕೂಡದಿದ್ದರೆ ಗಾಡಿ ಎಷ್ಟೇ ಸುಂದರವಾಗಿರಲಿ, ಮುಂಗಡ ಕೊಡದೆ ಮರಳುವುದೇ ಜಾಣತನ. ಬಳಿಕ ಚಾಲಕನ ಆಸನವನ್ನು ಎತ್ತಿ ನೋಡಬೇಕು. ಈ ಜೀಪುಗಳ ಪೆಟ್ರೋಲು ತೊಟ್ಟಿಯು ಅಲ್ಲಿ, ತಗ್ಗಾದ ಗೂಡಿನೊಳಗೆ ಕುಳಿತಿರುತ್ತದೆ. ಮೇಲಿನಿಂದ ಬಿದ್ದ ಮಳೆಯ ನೀರು ಆ ಗೂಡಿನಲ್ಲಿ ನಿಂತು ತಗಡನ್ನು ಒಳಗೊಳಗೇ ತಿನ್ನುವುದು. ಮಲೆನಾಡಿನ ಸೆರಗಿನಲ್ಲಿ ದುಡಿದ ಗಾಡಿಗೆ ಈ ರೋಗವು ಇದ್ದೇ ಇರುತ್ತದೆಂದು ಎಣಿಸಿ, ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡುವುದು ಯೋಗ್ಯ. ಗಟ್ಟಿ ತಗಡು ಗಂಟೆಯಂತೆ ನುಡಿಯುತ್ತದೆ; ತುಕ್ಕು ಹಿಡಿದದ್ದು ಒದ್ದೆಯ ರಟ್ಟಿನಂತೆ ಮಂದವಾಗಿ ಸದ್ದು ಮಾಡುತ್ತದೆ.

ದುರಸ್ತಿಗೆ ಬೆಳಗಾವಿಯಂಥ ಊರು ಸಿಕ್ಕುವುದು ಅಪರೂಪ. ಎರಕ ಹೊಯ್ಯುವವರು, ಲೇಥಿನಲ್ಲಿ ಕಡೆಯುವವರು, ಸಿಲಿಂಡರು ಕೊರೆಯುವವರು ಒಂದೇ ಬೀದಿಯ ಆಚೆ ಈಚೆ ಇರುತ್ತಾರೆ. ಸವೆದ ಭಾಗವನ್ನು ಕೈಯಲ್ಲಿ ಹಿಡಿದು ಉದ್ಯಮಬಾಗಕ್ಕೆ ಹೋದವನು ಅದರಂಥದೇ ಹೊಸ ಭಾಗವನ್ನು ಮಾಡಿಸಿಕೊಂಡು ಬರಬಹುದು. ಅಲ್ಲಿಯ ಮಾತೂ ಒಂದು ಎರಕವೇ: ಕನ್ನಡ, ಮರಾಠಿ, ಉರ್ದು ಮೂರೂ ಕರಗಿ ಒಂದಾಗಿರುತ್ತವೆ, ‘ಪಾನಾ ಕೊಡೋ’ ಎಂದರೆ ಯಾವ ಮನೆಮಾತಿನ ಹುಡುಗನೂ ತಡವರಿಸುವುದಿಲ್ಲ.

ಆದರೆ ಇಲ್ಲಿಯೇ ಮನಸ್ಸು ಜಾರುವ ಅಪಾಯ. ಎಲ್ಲವನ್ನೂ ಮಾಡಿಕೊಡುವವರು ಇರುವಲ್ಲಿ ಎಲ್ಲವನ್ನೂ ಬದಲಾಯಿಸುವ ಚಪಲವೂ ಹುಟ್ಟುತ್ತದೆ. ಪೆಟ್ರೋಲು ಇಂಜಿನನ್ನು ಕಿತ್ತು ಡೀಸೆಲಿನದನ್ನು ಕೂಡಿಸಿ, ಎಮ್ಮೆಯ ಹೊಟ್ಟೆಯಂಥ ಟೈರುಗಳನ್ನು ತೊಡಿಸಿ, ಹತ್ತಾರು ದೀಪಗಳನ್ನು ಕಟ್ಟಿದರೆ ಉಳಿಯುವುದು ಜೀಪಲ್ಲ, ಜಾತ್ರೆಯ ತೇರು. ಇದು ಬರಿಯ ಅಭಿರುಚಿಯ ಪ್ರಶ್ನೆಯೂ ಅಲ್ಲ. ನೋಂದಣಿ ಪುಸ್ತಕದಲ್ಲಿ ಕಾಣಿಸಿದ ಮೂಲಸ್ವರೂಪವನ್ನು ಕೆಡಿಸಬಾರದೆಂದು ಮೋಟಾರು ಕಾನೂನಿನ ೫೨ನೆಯ ಕಲಮು ವಿಧಿಸುತ್ತದೆ. ೨೦೧೯ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಸ್ಪಷ್ಟಪಡಿಸಿತು. ಇಂಜಿನು ಬದಲಿಸಬೇಕಾದರೂ ಅಪ್ಪಣೆ ಬೇಕು. ೨೦೨೧ರ ಜುಲೈ ತಿಂಗಳಲ್ಲಿ ಬಂದ ನಿಯಮದಂತೆ, ೫೦ ವರ್ಷಗಳನ್ನು ಮೀರಿದ, ಮೂಲರೂಪದಲ್ಲಿಯೇ ಉಳಿದ ಗಾಡಿಯನ್ನು ಪುರಾತನ ವಾಹನವೆಂದು ಬೇರೆಯಾಗಿ ನೋಂದಾಯಿಸಬಹುದು. ಅದಕ್ಕೆ ೨೦,೦೦೦ ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಎಣ್ಣೆ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೆ ಸಲ್ಲದು. ಖಾನಾಪುರದ ಕಾಡಂಚಿನವರೆಗೆ ಮನೆಮಂದಿಯೊಡನೆ ಹೋಗಬೇಕೆನ್ನುವವನು ಸಾಮಾನ್ಯ ನೋಂದಣಿಯನ್ನೇ ಕಾಲಕಾಲಕ್ಕೆ ತಪಾಸಣೆ ಮಾಡಿಸಿ ನವೀಕರಿಸಿಕೊಳ್ಳುತ್ತ ಇರಬೇಕಾಗುವುದು. ಗೌರವದ ಫಲಕವೋ, ದಾರಿಯ ಸುಖವೋ ಎಂಬುದನ್ನು ಹಣ ಸುರಿಯುವ ಮೊದಲೇ ನಿರ್ಧರಿಸತಕ್ಕುದು. ನನ್ನ ಮತವು ದಾರಿಯ ಕಡೆಗೇ ಇದೆ.

ದಾರಿಯೆಂದರೆ ಜಾಂಬೋಟಿಯ ಮೂಲಕ ಕಣಕುಂಬಿಗೆ ಹೋಗುವ ದಾರಿ. ಬೆಳಗಾವಿಯಿಂದ ಸುಮಾರು ೪೦ ಕಿಲೋಮೀಟರಿನ ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಮಳೆ ಹಿಂದಾದ ಮೇಲೆ, ದಸರೆಯ ಆಚೆಗೆ, ಜೋಳದ ರೊಟ್ಟಿಯ ಬುತ್ತಿಯನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡು ನಸುಕಿನಲ್ಲಿ ಹೊರಡಬೇಕು. ಜೀಪಿನಲ್ಲಿ ವೇಗವಿಲ್ಲ, ಮೆತ್ತನೆಯ ಆಸನವಿಲ್ಲ, ಬಾಗಿಲೂ ಇಲ್ಲ. ಕೂತವರಿಗೆ ಕಾಡಿನ ವಾಸನೆ, ಮಂಜಿನ ತಣ್ಪು, ಹಕ್ಕಿಯ ಕೂಗು ಇವು ನೇರವಾಗಿ ಮುಟ್ಟುತ್ತವೆ. ಧೂಳೂ ಹಾಗೆಯೇ ಮುಟ್ಟುತ್ತದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತನವಾಗದು. ಚಿಕ್ಕ ಮಕ್ಕಳಿದ್ದರೆ ಸೊಂಟಪಟ್ಟಿಗಳನ್ನು ಹಾಕಿಸದೆ ಕೂರಿಸಬಾರದು.

ಡಾಂಬರಿನ ಮೇಲೆ ಹಿಂದಿನ ಎರಡು ಚಕ್ರಗಳ ಬಲವೇ ಸಾಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುವುದು. ನಾಲ್ಕನ್ನೂ ಜೋಡಿಸಿಟ್ಟರೆ ಆ ವ್ಯತ್ಯಾಸಕ್ಕೆ ಎಡೆ ಸಿಗದೆ ಒಳಗಿನ ಹಲ್ಲುಗಳ ಮೇಲೆ ತಿರುಚು ಬೀಳುವುದು. ಕೆಸರಿನಲ್ಲಿಯೋ ಮರಳಿನಲ್ಲಿಯೋ ಚಕ್ರವು ಸ್ವಲ್ಪ ಜಾರಿ ತನ್ನ ಲೆಕ್ಕವನ್ನು ತಾನೇ ಸರಿಮಾಡಿಕೊಳ್ಳುವುದರಿಂದ ಅಲ್ಲಿ ಮಾತ್ರ ಜೋಡಿಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿದರೆ ಇಂಜಿನೇ ಗಾಡಿಯನ್ನು ತಡೆದು ಹಿಡಿಯುವುದು. ಹಳ್ಳವನ್ನು ದಾಟಿದ ಕೂಡಲೆ ಬ್ರೇಕನ್ನು ನಂಬಬಾರದು. ಡೋಲಿನಂಥ ಅದರ ಗೂಡಿನೊಳಗೆ ನೀರು ಹೊಕ್ಕಿರುತ್ತದೆ. ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರಾಗಿ ಒತ್ತಿ ಹಿಡಿದರೆ ಆ ಬಿಸಿಗೆ ತೇವವು ಆರುವುದು.

ಆದರೆ ಹಳ್ಳವನ್ನು ದಾಟುವುದು ದಾರಿಯೇ ಹಾಗಿದ್ದಾಗ; ಆಟಕ್ಕಾಗಿ ಅಲ್ಲ. ಖಾನಾಪುರ ತಾಲೂಕಿನ ಭೀಮಗಡದ ಕಾಡನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಲಾಗಿದೆ. ಜಗತ್ತಿನಲ್ಲಿ ಬಹು ವಿರಳವಾದ ರಾಟನ್ನನ ಬಾವಲಿಯು ಅಲ್ಲಿಯ ಬಾರಾಪೇಡೆ ಗವಿಗಳಲ್ಲಿ ವಾಸಿಸುವುದು. ಮಹಾದಾಯಿ ಹೊಳೆಯ ಹುಟ್ಟೂ ಆ ಸೀಮೆಯಲ್ಲಿಯೇ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಗಾಡಿಯನ್ನು ಒಳಗೆ ನುಗ್ಗಿಸುವುದು ಅಪರಾಧ. ಕಾಡಿನೊಳಗಿನ ಹಳ್ಳಿಗರಿಗೆ ಮಳೆಗಾಲದ ಕೆಸರುದಾರಿಯು ಬದುಕಿನ ದಾರಿ. ವಿನೋದಕ್ಕೆ ಬಂದ ಪಟ್ಟಣಿಗನು ಅದನ್ನು ಉತ್ತು ಹೋದರೆ ಮರುದಿನ ಆ ಹೊಂಡದಲ್ಲಿ ಕಾಲಿಡುವವರು ಅವರು. ಜೀಪಿಗೆ ಹೋಗಲು ಸಾಧ್ಯವೆಂಬುದೊಂದೇ ಹೋಗುವುದಕ್ಕೆ ಕಾರಣವಾಗದು.

ಮರಳಿ ಬಂದ ಸಂಜೆ ದಣಿವೆಂದು ಗಾಡಿಯನ್ನು ಹಾಗೆಯೇ ನಿಲ್ಲಿಸಬಾರದು. ಖಾನಾಪುರದ ಕೆಮ್ಮಣ್ಣು ಒಣಗಿದ ಮೇಲೆಯೂ ಒಳಗೆ ತೇವವನ್ನು ಹಿಡಿದಿಟ್ಟುಕೊಳ್ಳುವ ಜಾತಿಯದು. ಚಾಸಿಯ ಒಳಮೂಲೆಗಳಿಂದಲೂ ಸ್ಪ್ರಿಂಗುಗಳ ಪಟ್ಟಿಗಳ ನಡುವಿನಿಂದಲೂ ಅದನ್ನು ನೀರಿನಿಂದ ತೊಳೆದು, ಮುಂದಿನ ಅಚ್ಚಿನ ಗುಂಡುಗಳಿಗೆ ಗ್ರೀಸು ತುಂಬಬೇಕು. ನೀರಿನಲ್ಲಿ ಇಳಿದಿದ್ದರೆ ಅಚ್ಚುಗಳ ಎಣ್ಣೆಯನ್ನೂ ಸ್ವಲ್ಪ ತೆಗೆದು ನೋಡಬೇಕು. ಅದು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಸೇರಿದೆಯೆಂದು ಅರ್ಥ, ಅಂದೇ ಬದಲಿಸತಕ್ಕುದು. ಮೇಲಿನ ತಾಡಪತ್ರಿಯನ್ನು ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿದ ಮೇಲೆಯೇ ಮಡಿಸಬೇಕು. ಒದ್ದೆಯಾಗಿ ಮಡಿಸಿಟ್ಟರೆ ಒಂದು ಮಳೆಗಾಲಕ್ಕೇ ಮಡಿಕೆ ಮಡಿಕೆಗೂ ಬೂಸರು ಹಿಡಿದು ಹರಿಯುವುದು.